ಮದ್ದಿಲ್ಲದ ರೋಗಕ್ಕೆ ಬಂದ ದಾನ

ಕಣ್ಣು ಹಳದಿಯಾದರೆ ಕಾಮಾಲೆಯೆಂದು ಸೊಪ್ಪಿನ ರಸ ಕುಡಿಸಿ ಸುಮ್ಮನಾಗುತ್ತಿದ್ದ ಕಾಲದಲ್ಲಿ, ಅದರ ಹಿಂದೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಅಡಗಿರಬಹುದೆಂದು ಬಂಟ್ವಾಳ ಸೀಮೆಯಲ್ಲಿ ಪಟ್ಟುಹಿಡಿದು ಹೇಳಿದವರು ಪೂಜ್ಯ ಡಾ. ಶಶಿಪ್ರಭಾ ಅವರು. ೧೯೫೪ರಲ್ಲಿ ನಾನು ಅವರ ಪ್ರಯೋಗಶಾಲೆಗೆ ಸಹಾಯಕನಾಗಿ ಸೇರಿದೆ. ದೂರದ ಕೊಕ್ಕಡದಿಂದ ಬಂದ ರೋಗಿಗಳನ್ನು ಅವರು ಊಟ ಹಾಕಿಸದೆ ಕಳಿಸಿದ್ದೇ ಇಲ್ಲ. ಸಂಶೋಧನೆಗೆ ಮಾತ್ರ ಸರಕಾರದ ಕಾಸಿಲ್ಲ. ಸೂಕ್ಷ್ಮದರ್ಶಕದಿಂದ ನನ್ನ ಸಂಬಳದವರೆಗೆ ಎಲ್ಲವೂ ಮೂಡುಬಿದಿರೆಯ ಜೈನ ಮನೆತನವೊಂದರ ಔಷಧದಾನದ ನಿಧಿಯಿಂದಲೇ ಬರಬೇಕು.

೧೯೫೮ರಲ್ಲಿ ಆ ನಿಧಿಯ ಯಜಮಾನರಾದ ಭೋಜ ಬಲ್ಲಾಳರ ತಂಗಿ ಕಾಂತಿಯಮ್ಮನ ಕಣ್ಣೇ ಹಳದಿಯಾಯಿತು. ಮಂಗಳೂರಿನಲ್ಲಿ ಹೊಟ್ಟೆ ತೆರೆದು ನೋಡಿದರೆ ಗಡ್ಡೆ ಯಕೃತ್ತಿಗೂ ಹಬ್ಬಿತ್ತು. ಮರುವಾರವೇ ನಿಧಿಯನ್ನು ಮುಂದುವರಿಸುವ ಸಭೆ! ನಾನು ಅಂಗಲಾಚಿದೆ: “ಮೇಡಂ, ಸಭೆ ಮುಗಿಯುವವರೆಗೆ ಗುಣ ಆಗ್ತದೆ ಅಂತ ಒಂದು ಮಾತು ಹೇಳಿಬಿಡಿ.”

“ಆಮೇಲೆ ಎಂತ ಹೇಳುವುದು ಡೊಂಬಯ್ಯನವರೇ?” ಎಂದು ಅವರು ನನ್ನ ಬಾಯಿ ಮುಚ್ಚಿಸಿದರು. ನನಗೆ ಕೆಟ್ಟ ಕೋಪ ಬಂತು. ಸತ್ಯ ನುಡಿಯಲು ಬೇರೆ ದಿನವೇ ಸಿಗಲಿಲ್ಲವೇ ಈ ಹೆಂಗಸಿಗೆ!

ಬಲ್ಲಾಳರ ಚಾವಡಿಯಲ್ಲಿ ಸಭೆ ಸೇರಿತು.

“ಇಷ್ಟು ವರ್ಷ ಕೊಟ್ಟೆವು ಡಾಕ್ಟ್ರಮ್ಮ. ನನ್ನ ತಂಗಿಗೆ ಮದ್ದು ಉಂಟಾ, ಇಲ್ಲವಾ?”

“ಇಲ್ಲ.”

“ಮದ್ದೇ ಇಲ್ಲದ ಮೇಲೆ ಇದು ಎಂಥ ಔಷಧದಾನ?” ಎಂದು ಬಲ್ಲಾಳರು ಎದ್ದೇಬಿಟ್ಟರು. ಎಲ್ಲ ಮುಗಿಯಿತೆಂದುಕೊಂಡೆ ನಾನು.

ಆಗ ಒಳಗಿನಿಂದ ಕಾಂತಿಯಮ್ಮ ಗೋಡೆ ಹಿಡಿದುಕೊಂಡು ಬಂದರು. “ಅಣ್ಣಾ, ಕೂತುಕೊಳ್ಳಿ. ನನಗೆ ಸುಳ್ಳು ಹೇಳದೆ ಇದ್ದದ್ದು ಇವರೊಬ್ಬರೇ. ಔಷಧದಾನ ಆಗದಿದ್ದರೆ ಶಾಸ್ತ್ರದಾನ ಅಂತ ಕೊಡುವ. ಕಲಿಯಲಿ ಅವರು.” ವಿದ್ಯೆಗೆ ಕೊಡುವುದೂ ಜೈನರಿಗೆ ಅಷ್ಟೇ ದೊಡ್ಡ ದಾನ. ಬಲ್ಲಾಳರು ಕುಸಿದು ಕೂತು, ಎಲ್ಲರೆದುರೇ ಅತ್ತು, ಆಗಲಿ ಎಂದರು.

ದೀಪಾವಳಿಗೆ ಮೊದಲೇ ಕಾಂತಿಯಮ್ಮ ತೀರಿಕೊಂಡರು. ಆ ನಿಧಿಯಿಂದ ಮೇಡಮ್ಮನವರು ಬೆಳ್ತಂಗಡಿಯ ಹಳ್ಳಿಹಳ್ಳಿಯ ವೈದ್ಯರನ್ನು ಕೂರಿಸಿಕೊಂಡು, ನೋವಿಲ್ಲದ ಕಾಮಾಲೆ, ಮೈತುರಿಕೆ, ಸೊರಗುವ ಮೈ ಕಂಡರೆ ತಡಮಾಡದೆ ಕಳಿಸಿರೆಂದು ವರ್ಷಗಟ್ಟಲೆ ಕಲಿಸಿದರು. ೧೯೬೬ರಲ್ಲಿ ಉಜಿರೆಯ ಜತ್ತಪ್ಪನೆಂಬ ಕೃಷಿಕ ಹಾಗೆ ಬೇಗ ಬಂದ; ದೂರದ ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಗಿ ಬದುಕಿದ. ಸುದ್ದಿ ಕೇಳಿದ ಬಲ್ಲಾಳರು ಗಾಡಿ ಮಾಡಿಕೊಂಡು ಅವನ ಮನೆಗೇ ಹೋದರು. ಜೊತೆಗೆ ನಾನೂ ಇದ್ದೆ.

“ಊಟ ಸೇರ್ತದಾ?” ಎಂದು ಕೇಳಿದರು.

“ಸೇರ್ತದೆ ಧಣಿ. ಈಗ ತುರಿಕೆಯೂ ಇಲ್ಲ.”

ಬಲ್ಲಾಳರು ಅವನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಈ ವರ್ಷ ನಿವೃತ್ತರಾಗುತ್ತಿರುವ ಮೇಡಮ್ಮನವರು ನೂರು ಕಾಲ ಬಾಳಲಿ. ಆದರೆ ಮನೆಯಲ್ಲಿ ಸುಮ್ಮನೆ ಕೂರುವುದು ಬೇಡ. ಈ ರೋಗ ಬಂದು ಬದುಕಿದವನು ನಮ್ಮ ಸೀಮೆಯಲ್ಲಿ ಇನ್ನೂ ಜತ್ತಪ್ಪ ಒಬ್ಬನೇ.