ಹೊಳೆಗೆ ಮೊದಲು ಇಳಿಯುವವಳು

ಲಿಂಡ್ಸೆ ಬಹಳ ಒಳ್ಳೆಯ ಮನುಷ್ಯ ಎನ್ನುವವರಿಗೆ ನನ್ನದು ಒಂದೇ ಮಾತು. ಅವನ ಕ್ಯಾರವಾನಿನಲ್ಲಿ, ಗಾಡಿಯ ಹಿಂದೆ ಕಟ್ಟಿ ಎಳೆಯುವ ಆ ಚಕ್ರದ ಮನೆಯಲ್ಲಿ, ನಾಲ್ಕು ದಿನ ಇದ್ದು ಬನ್ನಿ, ಆಮೇಲೆ ಮಾತಾಡೋಣ. ಅವನು ನನ್ನ ತಂಗಿ ನೆರೀಡಳ ಗಂಡ. ಕುಡಿತ ಅಷ್ಟಕ್ಕಷ್ಟೆ, ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ, ಬೇರೆ ಹೆಂಗಸಿನ ಕಡೆ ತಿರುಗಿ ನೋಡಿದವನಲ್ಲ. ನೆರೆಮನೆಯವರ ಸೂರಿನ ಮಳೆನೀರಿನ ದೋಣಿಯಲ್ಲಿ ಕಸ ಕಟ್ಟಿಕೊಂಡರೆ ಏಣಿ ಹೊತ್ತು ಓಡುತ್ತಾನೆ. ಊರಿಗೆ ಉಪಕಾರಿ. ಮನೆಯೊಳಗೆ ಮಾತ್ರ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ನಮ್ಮ ದೇಶದ ದಕ್ಷಿಣದಲ್ಲಿ, ಬಲ್ಲಾರಟ್ ಪಟ್ಟಣದ ಆಚೆಯ ಸಣ್ಣ ಊರೊಂದರಲ್ಲಿ ಅವನು ರಸ್ತೆ ಮೇಸ್ತ್ರಿಯಾಗಿದ್ದ. ಅವನ ಅಪ್ಪನೂ ಅದೇ ಕೆಲಸದವನು. ಅಪ್ಪ ಹೇಳಿಕೊಟ್ಟದ್ದು ಅವನಿಗೆ ವೇದವಾಕ್ಯ: ನಡೆದು ನೋಡದ ನೀರಿಗೆ ಗಾಡಿ ಇಳಿಸಬಾರದು. ಮಾತು ಸರಿಯೇ, ನಾನೇನೂ ತಪ್ಪು ಎನ್ನುವುದಿಲ್ಲ. ಆದರೆ ನಡೆಯುತ್ತಿದ್ದದ್ದು ಅವನಲ್ಲ, ನೆರೀಡ. ರಜೆ ಬಂತೆಂದರೆ ಕ್ಯಾರವಾನ್ ಕಟ್ಟಿಕೊಂಡು ಹೊರಡುವುದು, ಹೊಳೆ ಅಡ್ಡ ಬಂತೆಂದರೆ ಇವನು ಸ್ಟೀರಿಂಗ್ ಹಿಡಿದು ಒಳಗೆ ಕೂರುವುದು, ಅವಳು ಪ್ಯಾಂಟು ಮಡಚಿ, ಕೋಲು ಹಿಡಿದು, ನೀರಿಗಿಳಿದು ಆಚೆ ದಡದವರೆಗೆ ನಡೆಯುವುದು. ಮದುವೆಯಾದಾಗಿನಿಂದ ಇದೇ ಪದ್ಧತಿ. ಮಗಳು ಕೆರಿನ್ ಹುಟ್ಟುವ ತಿಂಗಳಲ್ಲೂ ಅವಳೇ ಇಳಿದಿದ್ದಳಂತೆ. ಅದನ್ನು ಇಬ್ಬರೂ ನಗುತ್ತಾ ಹೇಳುತ್ತಾರೆ.

ದಕ್ಷಿಣದ ಹೊಳೆಯಲ್ಲಿ ಹೆಚ್ಚೆಂದರೆ ಕಾಲಿಗೆ ಜಿಗಣೆ ಹತ್ತುತ್ತದೆ. ನಮ್ಮ ಉತ್ತರದ ಹೊಳೆಯಲ್ಲಿ ಕಾಲೇ ಹೋಗುತ್ತದೆ.

ನಾನು ಉತ್ತರದ ಕ್ಯಾಥರೀನ್ ಎಂಬ ಊರಿನಲ್ಲಿ ಹೆದ್ದಾರಿ ಪಕ್ಕದ ಹೋಟೆಲಿನ ಅಡುಗೆಯವಳು. ಲಾರಿಯವರಿಗೆ ಮೊಟ್ಟೆ, ಹಂದಿಮಾಂಸ ಹುರಿದುಕೊಡುತ್ತಲೇ ತಲೆ ಹಣ್ಣಾಯಿತು. ಇಲ್ಲಿಯ ಮಕ್ಕಳಿಗೆ ಅಆಇಈಗಿಂತ ಮೊದಲು ಕಲಿಸುವುದು ಒಂದೇ: ನೀರಿನ ಅಂಚಿಗೆ ಹೋಗಬೇಡ. ಹೋದರೂ ಅದೇ ಜಾಗಕ್ಕೆ ಮತ್ತೆ ಹೋಗಬೇಡ. ಮೊಸಳೆ ನೋಡುತ್ತಿರುತ್ತದೆ, ನೆನಪಿಟ್ಟುಕೊಳ್ಳುತ್ತದೆ. ಹಾಗಿರುವಾಗ ನೆರೀಡ ಫೋನ್ ಮಾಡಿ, "ಅಕ್ಕಾ, ಈ ಸಲ ನಿಮ್ಮ ಕಡೆ ಬರ್ತಿದೀವಿ. ನಿಮ್ಮ ಗಲ್ಫ್ ಕಡಲ ತನಕ ಹೋಗಿ ಬ್ಯಾರಮುಂಡಿ ಮೀನು ಹಿಡೀಬೇಕಂತೆ ಲಿಂಡ್ಸೆಗೆ. ಕೆರಿನ್ನೂ ರಜ ಹಾಕಿದಾಳೆ" ಎಂದಳು. "ನಾನೂ ಬರ್ತೀನಿ" ಎಂದೆ. ಮೀನಿನ ಆಸೆಗಲ್ಲ. ತಂಗಿಯನ್ನು ನೀರಿಗೆ ಇಳಿಯಲು ಬಿಡಬಾರದೆಂದು.

ಮೊದಲ ಸಂಜೆ ಮಟರಾಂಕದ ಕ್ಯಾರವಾನ್ ಪಾರ್ಕಿನಲ್ಲಿ ತಂಗಿದೆವು. ಬಂದವರೆಲ್ಲ ಮಡಚುವ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಬಿಯರ್ ಹಿಡಿದು, ಹೊಸಬರು ಕ್ಯಾರವಾನ್ ಹಿಂದಕ್ಕೆ ತೆಗೆಯುವುದನ್ನು ನೋಡುತ್ತಾ ಕೂರುತ್ತಾರೆ. ಅದೇ ಅಲ್ಲಿಯ ಸಿನಿಮಾ. ಗಂಡ ಸ್ಟೀರಿಂಗಿನಲ್ಲಿ, ಹೆಂಡತಿ ಹಿಂದೆ ನಿಂತು ಕೈಸನ್ನೆ ಮಾಡುವುದು. ಲಿಂಡ್ಸೆ ಕಿಟಕಿಯಿಂದ ತಲೆ ಹೊರಹಾಕಿ ಕಿರುಚತೊಡಗಿದ.

"ಬಲಕ್ಕೇ! ನನ್ನ ಬಲ ಕಣೇ, ನಿನ್ನ ಬಲ ಅಲ್ಲ! ಕಣ್ಣು ಬಲ್ಲಾರಟ್‌ನಲ್ಲಿ ಬಿಟ್ಟು ಬಂದಿದೀಯಾ?"

"ನಿಧಾನಕ್ಕೆ ಮಾಡು ಮಾರಾಯ!" ಕುರ್ಚಿಯಿಂದ ಒಬ್ಬ ಕೂಗಿದ. "ನಮ್ ಬಾಟ್ಲಿ ಇನ್ನೂ ಮುಗ್ದಿಲ್ಲ!"

ಎಲ್ಲರೂ ಹೋ ಎಂದು ನಕ್ಕರು. ಕೆರಿನ್ ಕೂಡ ನಕ್ಕಳು. ನೆರೀಡ ಕೆಂಪಾದ ಮುಖದಲ್ಲೇ ನಕ್ಕು ಕೈ ಬೀಸುತ್ತಾ ನಿಂತಿದ್ದಳು. ನನ್ನ ಮೈಯೆಲ್ಲ ಉರಿದುಹೋಯಿತು. ಈ ಹೆಂಗಸು ಇಪ್ಪತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಮಂಜು ಮುಸುಕಿದ ಬೆಟ್ಟದ ದಾರಿಯಲ್ಲಿ ಊರ ಮಕ್ಕಳನ್ನೆಲ್ಲ ತುಂಬಿಕೊಂಡು ಹೋಗಿ ಬಂದವಳು. ಕ್ಯಾರವಾನ್ ಎಳೆಯುವ ಗಾಡಿಯನ್ನು ಮಾತ್ರ ಒಂದು ದಿನವೂ ಅವಳ ಕೈಗೆ ಕೊಟ್ಟವನಲ್ಲ ಪುಣ್ಯಾತ್ಮ.

ಊಟದ ಹೊತ್ತಿಗೆ ನಾನು ನೇರವಾಗಿ ವಿಷಯಕ್ಕೆ ಬಂದೆ. "ನೋಡು ಲಿಂಡ್ಸೆ, ನಿನ್ನ ಹೊಳೆ ನಡಿಗೆ ಇಲ್ಲಿ ಬೇಡ. ಇಲ್ಲಿ ಯಾರೂ ನಡೆಯಲ್ಲ. ಅಳತೆ ಕಂಬ ನೋಡ್ತಾರೆ, ಇನ್ನೊಂದು ಗಾಡಿ ದಾಟೋದು ನೋಡ್ತಾರೆ, ಇಲ್ಲಾ ಸುಮ್ನೆ ವಾಪಸ್ ಹೋಗ್ತಾರೆ."

ಅವನು ಸಾಸೇಜು ಕತ್ತರಿಸುತ್ತಾ ನಕ್ಕ. "ಕಂಬ ಆಳ ಹೇಳತ್ತೆ ಕೋರಲ್, ಗುಂಡಿ ಹೇಳಲ್ಲ. ರಸ್ತೆ ವಿಷಯ ನಂಗೆ ಬಿಡು, ನೀನು ಮೊಟ್ಟೆ ಹುರಿ."

"ಮೊಸಳೆ ವಿಷಯ?"

"ಅದೆಲ್ಲ ಬಂದೋರನ್ನ ಹೆದರಿಸಿ ಟೀ ಶರ್ಟ್ ಮಾರೋಕೆ. ಅಷ್ಟೊಂದು ಮೊಸಳೆ ಇದ್ದಿದ್ರೆ ನೀವೆಲ್ಲ ಇಷ್ಟು ದಪ್ಪ ಆಗೋವರ್ಗೂ ಉಳೀತಿದ್ರಾ?"

ಕೆರಿನ್ ಬಾಯಲ್ಲಿದ್ದ ಬಿಯರ್ ಉಗುಳುವಷ್ಟು ನಕ್ಕಳು. "ಬಿಡಿ ದೊಡ್ಡಮ್ಮ, ಅಪ್ಪ ಹಂಗೇ!" ಎಂದಳು. ಮೂವತ್ತು ದಾಟಿದ ಹುಡುಗಿ. ಅಪ್ಪ ಹಂಗೇ ಎಂಬ ಒಂದು ಮಾತಿನಲ್ಲಿ ಅವಳ ಲೆಕ್ಕವೆಲ್ಲ ಚುಕ್ತಾ. ನೆರೀಡ ತಟ್ಟೆಗಳನ್ನು ಎತ್ತಿಕೊಂಡು ಎದ್ದಳು. ನಾನು ಹಿಂದೆಯೇ ಹೋಗಿ, "ನೀನು ಇಳಿಯಲ್ಲ ಅಂತ ಮಾತು ಕೊಡು" ಎಂದೆ. "ಸುಮ್ನೆ ಜಗಳ ಯಾಕಕ್ಕಾ? ನಾಲ್ಕು ಹೆಜ್ಜೆ ನಡೆದ್ರೆ ಅವನಿಗೂ ಸಮಾಧಾನ" ಎಂದು ತಟ್ಟೆ ತೊಳೆಯುತ್ತಾ ನಿಂತಳು. ಮಾತು ಕೊಡಲಿಲ್ಲ.

ಮುಂದಿನ ಎರಡು ದಿನ ಸಿಕ್ಕ ಹಳ್ಳಗಳೆಲ್ಲ ಒಣಗಿದ್ದವು. ಗೆದ್ದಲ ಹುತ್ತ, ಕೆಂಪು ಧೂಳು, ಎದುರಿಗೆ ಬಂದ ಲಾರಿ ಎಸೆದ ಕಲ್ಲು, ಎಲ್ಲಕ್ಕೂ ನೆರೀಡಳಿಗೇ ಬೈಗುಳ. ಟೀ ತಣ್ಣಗಿದ್ದರೆ ಅವಳು, ಟೀ ಬಿಸಿಯಿದ್ದರೆ ಅವಳು. ನಾನು ಪ್ರತಿ ತಿರುವಿನಲ್ಲೂ ನೀರು ಕಾಣದಿರಲಿ ಎಂದು ದೇವರಿಗೆ ಹರಕೆ ಹೊರುತ್ತಾ ಹಿಂದಿನ ಸೀಟಿನಲ್ಲಿ ಹಲ್ಲು ಕಚ್ಚಿ ಕೂತಿದ್ದೆ.

ನಾಲ್ಕನೆಯ ದಿನ ಮಧ್ಯಾಹ್ನ ಬ್ರೋಲ್ಗಾ ಹೊಳೆ ಬಂತು. ಅಲ್ಲಿ ಸೇತುವೆಯಿಲ್ಲ. ನೀರಿನ ಮಟ್ಟಕ್ಕೇ ಹಾಸಿದ ಕಾಂಕ್ರೀಟು ದಾರಿ. ಸಮುದ್ರದ ಉಬ್ಬರ ಅಲ್ಲಿಯವರೆಗೂ ಬರುತ್ತದೆ, ನೀರು ದಾರಿಯ ಮೇಲೆ ಹರಿಯುತ್ತಿತ್ತು. ಚಹಾದ ಬಣ್ಣ, ತಳ ಕಾಣದು. ದಡದಲ್ಲಿ ಬಾಯ್ದೆರೆದ ಮೊಸಳೆಯ ಹಳದಿ ಫಲಕ. ಅದರ ಬುಡದಲ್ಲೇ ಯಾರೋ ತಿಳಿಗೇಡಿಗಳು ಮೀನು ಸೀಳಿ ಮುಳ್ಳು, ತಲೆ ಬಿಸಾಡಿ ಹೋಗಿದ್ದರು. ದಿನಾ ಔತಣ ಸಿಗುವ ಜಾಗ ಎಂದರೆ ನೆಂಟರು ದೂರದಲ್ಲಿರುವುದಿಲ್ಲ.

ಲಿಂಡ್ಸೆ ಗಾಡಿ ನಿಲ್ಲಿಸಿ, ಎಂಜಿನ್ ಆರಿಸದೆ, ಹೆಂಡತಿಯ ಕಡೆ ನೋಡಿದ. ಅಷ್ಟೇ. ಅವಳು ಬಗ್ಗಿ ಶೂ ಬಿಚ್ಚತೊಡಗಿದಳು.

"ನೆರೀಡ, ಬೇಡ!" ನಾನು ಕೆಳಗೆ ಹಾರಿ ಅವಳ ಬಾಗಿಲಿಗೆ ಅಡ್ಡ ನಿಂತೆ. "ಕಣ್ಣಿಲ್ವಾ ನಿಂಗೆ? ಓದು ಆ ಬೋರ್ಡು!"

ಲಿಂಡ್ಸೆಯೂ ದಡಬಡ ಇಳಿದು ಬಂದ. "ಶುರುವಾಯ್ತು ಇವಳ ನಾಟ್ಕ! ಬೆಳಗ್ಗಿಂದ ಎಷ್ಟೋ ಗಾಡಿ ದಾಟಿವೆ, ಆ ಸದ್ದಿಗೆ ಇರೋ ಮೊಸಳೆನೂ ಓಡಿಹೋಗಿರತ್ತೆ. ಎರಡು ನಿಮಿಷದ ಕೆಲಸ. ಉಬ್ಬರ ಏರ್ತಿದೆ, ಜರುಗು."

"ಎರಡು ನಿಮಿಷದ ಕೆಲಸ ಆದ್ರೆ ನೀನೇ ನಡಿಯಪ್ಪಾ ಗಂಡುಗಲಿ!"

"ನಾನು ನಡೆದ್ರೆ ಗಾಡಿ ಯಾರು ಓಡಿಸ್ತಾರೆ? ನಿನ್ನ ಅಜ್ಜಿನಾ?"

ಕೆರಿನ್ ಹಿಂದಿನ ಸೀಟಿನಿಂದ ಕೊರಳು ಚಾಚಿ, "ದೊಡ್ಡಮ್ಮ, ಸಾಕು ಬಿಡಿ. ಅಪ್ಪಂಗೆ ಗೊತ್ತಿರಲ್ವಾ? ಅಮ್ಮ ಯಾವಾಗ್ಲೂ ನಡೀತಾಳೆ, ಏನೂ ಆಗಲ್ಲ" ಎಂದಳು.

ನೆರೀಡ ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಇಳಿದಳು. ಬರಿಗಾಲು, ಕೈಯಲ್ಲಿ ಶೂ. ನೀರನ್ನು ನೋಡಿದಳು, ಫಲಕ ನೋಡಿದಳು, ಕೊಳೆತ ಮೀನಿನ ತಲೆಗಳನ್ನು ನೋಡಿದಳು. ಅವಳು ಗಂಡನ ಕಡೆ ತಿರುಗಿ, "ಲಿಂಡ್ಸೆ, ಇವತ್ತೊಂದಿನ ನೀನು ನಡೀತೀಯಾ? ನಂಗೆ ಭಯ ಆಗ್ತಿದೆ" ಎಂದಳು. ಮದುವೆಯಾದಾಗಿನಿಂದ ಅವಳು ಆ ಮಾತು ಆಡಿದ್ದು ಅದೇ ಮೊದಲಿರಬೇಕು.

"ಅಕ್ಕ ಸೇರಿಕೊಂಡ್ಲು ಅಂತ ನಿಂಗೂ ಕೋಡು ಬಂತಾ? ನಡಿ ನಡಿ, ಹೊತ್ತಾಯ್ತು!" ಎಂದು ಅವನು ನೀರಿನ ಕಡೆ ಕೈ ತೋರಿಸಿದ.

ಅವಳು ನಡೆದಳು. ನೀರಿಗಲ್ಲ. ಗಾಡಿಯ ಮುಂದಿನಿಂದ ಸುತ್ತಿ ಬಂದು, ಸ್ಟೀರಿಂಗಿನ ಮುಂದೆ ಕೂತು, ಬಾಗಿಲು ಹಾಕಿಕೊಂಡಳು. "ಅಕ್ಕಾ, ಹತ್ತು" ಎಂದಳು. ನಾನು ಬಿದ್ದೆನೋ ಎದ್ದೆನೋ ಎಂದು ಹತ್ತಿದೆ. ಲಿಂಡ್ಸೆ ಕ್ಯಾರವಾನಿನ ಪಕ್ಕಕ್ಕೆ ಧಡಧಡ ಬಡಿಯುತ್ತಾ, "ಏಯ್! ಹುಚ್ಚು ಹಿಡೀತಾ? ಮುಳುಗಿಸ್ತೀಯಾ ಎಲ್ಲಾನೂ?" ಎಂದು ಅರಚಿದ. ಅವಳು ಅಳತೆ ಕಂಬ ನೋಡಿದಳು, ಕೆಳಗಿನ ಗೇರಿಗೆ ಹಾಕಿದಳು, ಅವಸರವಿಲ್ಲದೆ ಇಳಿಸಿದಳು. ನೀರು ಚಕ್ರಕ್ಕೆ ಬಡಿಯಿತು, ಕ್ಯಾರವಾನ್ ಒಂದು ಸಲ ಜಗ್ಗಿತು. ಅವಳು ಕಾಲು ಸಡಿಲಿಸಲಿಲ್ಲ. ಶಾಲೆಯ ಗೇಟಿನ ಮುಂದೆ ನಿಲ್ಲಿಸಿದಷ್ಟು ನಯವಾಗಿ ಆಚೆ ದಿಣ್ಣೆಯ ಮೇಲೆ ನಿಲ್ಲಿಸಿದಳು.

ಮೂವರೂ ಇಳಿದೆವು. ಈಚೆ ನಾವು, ಆಚೆ ಅವನು, ನಡುವೆ ಹೊಳೆ. ಅವನ ಹಿಂದೆ ಆಗಲೇ ಇನ್ನೆರಡು ಕ್ಯಾರವಾನ್‌ಗಳು ಬಂದು ನಿಂತಿದ್ದವು, ಜನ ಇಳಿದು ನೋಡುತ್ತಿದ್ದರು.

"ವಾಪಸ್ ಬಂದು ಕರ್ಕೊಂಡು ಹೋಗೇ!" ಲಿಂಡ್ಸೆ ಕೂಗಿದ.

ನೆರೀಡ ಎರಡೂ ಕೈ ಬಾಯಿಗಿಟ್ಟು ಕೂಗಿದಳು. "ಮೊಣಕಾಲುದ್ದ ಅಷ್ಟೆ ಇದೆ! ಗುಂಡಿ ಇಲ್ಲ! ಎರಡು ನಿಮಿಷದ ಕೆಲಸ, ನಡ್ಕೊಂಡು ಬಾ!"

ಆಚೆ ನಿಂತವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಉತ್ತರನ ಪೌರುಷ ಒಲೆಯ ಮುಂದೆ ಎನ್ನುವುದು ಸುಳ್ಳಲ್ಲ. ಅವನು ಎಡಗೈ ನೋಡಿದ, ಬಲಗೈ ನೋಡಿದ. ನಗುವವರ ಮುಂದೆ ಸುಮ್ಮನೆ ನಿಲ್ಲಲಾಗದೆ ಬಗ್ಗಿ ಒಂದು ಶೂ ಬಿಚ್ಚಿದ, ಆ ಕಾಲನ್ನು ನೀರಿನ ಅಂಚಿಗೆ ಚಾಚಿದ.

"ಅಪ್ಪಾ, ಬೇಡ!" ಕೆರಿನ್ ಕಿಟಾರನೆ ಕಿರುಚಿಕೊಂಡಳು. "ಇಳೀಬೇಡ ಅಪ್ಪಾ, ಮೊಸಳೆ ಇರತ್ತೆ! ನಿನ್ನ ಕಾಲಿಗೆ ಬೀಳ್ತೀನಿ, ಇಳೀಬೇಡ!" ಗಳಗಳನೆ ಅಳುತ್ತಾ ದಿಣ್ಣೆಯಿಂದ ಅರ್ಧ ಕೆಳಗೆ ಓಡಿದ್ದಳು. ನಾನೇ ಅವಳ ರಟ್ಟೆ ಹಿಡಿದು ನಿಲ್ಲಿಸಬೇಕಾಯಿತು.

ಲಿಂಡ್ಸೆ ತಟ್ಟನೆ ಕಾಲು ಹಿಂದಕ್ಕೆಳೆದುಕೊಂಡ. ಆ ಅವಸರ ನೋಡಿದರೆ ಮೊಸಳೆಯ ವಿಷಯ ಅವನಿಗೆ ಯಾರೂ ಹೊಸದಾಗಿ ಹೇಳಬೇಕಿರಲಿಲ್ಲ. ಟೀ ಶರ್ಟಿನ ಮಾತು ಅವನ ಬಾಯಲ್ಲಿ ಮತ್ತೆ ಬರಲಿಲ್ಲ.

ನೆರೀಡ ಅವನ ಕಡೆ ನೋಡುತ್ತಿರಲಿಲ್ಲ. ಮಗಳ ಹತ್ತಿರ ಬಂದು, ಅವಳ ಒದ್ದೆ ಮುಖವನ್ನು ತನ್ನ ಅಂಗಿಯ ತೋಳಿನಿಂದ ಒರೆಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗಾದರೂ ಕೇಳಿಸಿಕೊಳ್ಳಲು ಸುಲಭವಾಗುತ್ತಿತ್ತು.

"ನಾನು ಇಳಿಯೋವಾಗ ಯಾಕೆ ಕೂಗ್ಲಿಲ್ಲ ಪುಟ್ಟಾ?"

ಕೆರಿನ್ ಅಮ್ಮನ ಬರಿಗಾಲು ನೋಡಿದಳು. ಆಚೆ ದಡದಲ್ಲಿ ಅವಳಪ್ಪ ಶೂ ಹಾಕಿಕೊಳ್ಳುತ್ತಿದ್ದ.