ಹಗೇವಿಗೆ ಇಳಿಬಿಟ್ಟ ಬೆಳಕು

ನನ್ನ ತವರು ಪಿರಿಯಾಪಟ್ಟಣದ ಆಚೆ, ಕೊಡಗಿನ ಗಡಿಗೆ ಹತ್ತಿಕೊಂಡ ಊರು. ಅಲ್ಲಿ ಎಷ್ಟೋ ಮನೆಗಳಲ್ಲಿ ವೈನ್ ಹಾಕುತ್ತಾರೆ. ಮದುವೆಯಾದ ಹೊಸದರಲ್ಲಿ ಅಮ್ಮ ಅರ್ಧ ಲೋಟ ನೇರಳೆ ವೈನ್ ಕೊಟ್ಟರೆ, ಅಳಿಯನ ಗತ್ತು ಮರೆತು ಇನ್ನರ್ಧ ಕೇಳಿದವರು ನನ್ನ ಗಂಡ. ಆಮೇಲೆ ತಾವೇ ಕಲಿತರು. ಕಟ್ಟೆಮಳಲವಾಡಿ ಕಡೆಯ ನಮ್ಮ ಮನೆಯಲ್ಲಿ ಹೆಂಡತಿಗಿಂತ ಭರಣಿಗೆ ಉಪಚಾರ ಜಾಸ್ತಿಯಾಯಿತು.

ಹೋದ ವರ್ಷ ಅವರು ಫೋನಿನಲ್ಲಿ ಯಾವುದೋ ದೇಶದ ನೆಲದಡಿಯ ಗುಹೆಗಳನ್ನು ನೋಡಿದರು. ಅಲ್ಲಿ ವೈನ್ ವರ್ಷಗಟ್ಟಲೆ ಕತ್ತಲಲ್ಲಿ ಮಾಗುತ್ತದಂತೆ. "ನಮ್ಮ ಅಗೇವು ಇದಕ್ಕಿಂತ ಏನ್ ಕಮ್ಮಿ ಕಣೆ? ಬೇಸ್ಗೇಲೂ ತಣ್ಣಗಿರ್ತದೆ" ಅಂದರು. ರಾಗಿ ತುಂಬಿಡಲು ಹಿರಿಯರು ಅಂಗಳದಲ್ಲಿ ತೋಡಿದ ಹಗೇವು ಅದು. ಬಾಯಿ ಒಂದಾಳು ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ರಾಗಿಯನ್ನು ಮೂಟೆ ಕಟ್ಟಿ ಮನೆಯೊಳಗೇ ಇಡತೊಡಗಿದ ಮೇಲೆ ಖಾಲಿ ಬಿದ್ದಿತ್ತು. ಅದನ್ನು ಗುಡಿಸಿ ಆರು ಭರಣಿ ಇಳಿಸಿದರು. ನೇರಳೆ ರಸ ಇನ್ನೂ ನೊರೆ ಉಕ್ಕುತ್ತಿತ್ತು. "ಉಕ್ಕು ನಿಲ್ಲಲಿ, ಆಮೇಲೆ ಇಡಿ" ಎಂದು ಅಮ್ಮ ಹೇಳಿದ್ದಳು. ಕೇಳುವವರು ಯಾರು? ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರು.

ಇಪ್ಪತ್ತು ದಿನಕ್ಕೇ ತಡೆಯಲಾಗದೆ, ಒಂದು ಬೆಳಿಗ್ಗೆ ಚಪ್ಪಡಿ ಸರಿಸಿದರು. ಹಗೇವು ತೆಗೆದರೆ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು. ದೀಪ ಆರಿದರೆ ಆಳು ಇಳಿಯಕೂಡದು. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು ಇದು, ನನಗೂ ಗೊತ್ತಿತ್ತು. ಆದರೆ ಲಾಟೀನು ಅಟ್ಟದ ಮೇಲೆಲ್ಲೋ ಇತ್ತು, ಫೋನು ಕೈಯಲ್ಲೇ ಇತ್ತು. ಅದರ ಟಾರ್ಚ್ ಹಾಕಿ, ಹಗ್ಗಕ್ಕೆ ಕಟ್ಟಿ ನಾನೇ ಇಳಿಬಿಟ್ಟೆ. ಭರಣಿಗಳು ಚೆನ್ನಾಗಿ ಕಂಡವು. ಮೇಲೆಳೆದೆ, ಬೆಳಕು ಹಾಗೇ ಇತ್ತು. ಗಂಡನಿಗೂ ಏನೂ ಹೊಳೆಯಲಿಲ್ಲ.

ಅತ್ತೆಗೆ ಕಣ್ಣು ಮಂಜು. ಜಗುಲಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಾ ಕೇಳಿದರು, "ದೀಪ ಬುಟ್ರೇನವ್ವ?"

"ಬುಟ್ಟಿವಿ ಅತ್ತೆ. ಆರ್ಲಿಲ್ಲ."

ನನ್ನ ಗಂಡ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಏಣಿಗೆ ಕಾಲಿಟ್ಟರು. "ಒಂದ್ ಲೋಟ ತಕೊಂಡ್ ಬಾ" ಅಂದರು. ಲೋಟ ತಂದು ಬಗ್ಗಿ ನೋಡಿದರೆ ಭರಣಿಗಳ ನಡುವೆ ಒರಗಿ ಕೂತಿದ್ದರು. ಮೊದಲು ತಮಾಷೆ ಅಂದುಕೊಂಡೆ. ಕೂಗಿದೆ. ಮತ್ತೆ ಕೂಗಿದೆ. ದೀಪಕ್ಕೆ ಗಾಳಿ ಬೇಕು, ಫೋನಿಗೆ ಬೇಡ ಎಂದು ನನ್ನ ತಲೆಗೆ ಹೋದದ್ದು ಆಗ.

ಇಳಿಯಹೊರಟೆ. ಅತ್ತೆ ತಡವರಿಸಿಕೊಂಡು ಬಂದು ನನ್ನ ಸೀರೆ ಹಿಡಿದರು. "ನೀನ್ ಇಳೀಬ್ಯಾಡ. ಇಳ್ದೋರ್ನ ಎತ್ತಕೆ ಇಳ್ದೋರು ಬರಾಕಿಲ್ಲ." ಹೆತ್ತ ಮಗ ಕೆಳಗಿದ್ದಾಗ ಆಡಿದ ಮಾತು. ಇಬ್ಬರೂ ಹಗ್ಗ ಎಳೆದೆವು. ಒಂದು ಗೇಣು ಮೇಲೆ ಬರುವರು, ನಮ್ಮ ಕೈ ಸೋತರೆ ಮತ್ತೆ ಕುಸಿಯುವರು. ಅಷ್ಟು ಅಸಹಾಯಕಳಾಗಿ ನಾನು ಎಂದೂ ನಿಂತಿಲ್ಲ. ಪಕ್ಕದ ಹೊಲದಲ್ಲಿ ಹೊಗೆಸೊಪ್ಪು ಮುರಿಯುತ್ತಿದ್ದವರು ನಮ್ಮ ಕೂಗು ಕೇಳಿ ಓಡಿ ಬಂದು ಎಳೆದುಹಾಕಿದರು. ಹುಣಸೂರು ಆಸ್ಪತ್ರೆ, ಅಲ್ಲಿಂದ ಮೈಸೂರು. ಜೀವ ಉಳಿಯಿತು.

ಜೀವ ಉಳಿಯಿತು ಅಷ್ಟೆ. ಮಾತು ಹುಡುಕಿ ಹುಡುಕಿ ಆಡುತ್ತಾರೆ. ಅಂಗಿಯ ಗುಂಡಿ ನಾನೇ ಹಾಕಬೇಕು. ಭರಣಿಗಳ ಮೇಲೇ ಹಗೇವಿಗೆ ಮಣ್ಣು ತುಂಬಿಸಿದ್ದೇವೆ. ಅದರ ಪಕ್ಕದಲ್ಲೇ ಕೂತು ದಿನಾ ಕೇಳುತ್ತಾರೆ, "ವೈನ್ ಆಯ್ತಾ?" ಇನ್ನೂ ಇಲ್ಲ ಅನ್ನುತ್ತೇನೆ. ಬೇರೆ ಏನು ಹೇಳಲಿ?

ನಾನು ಕಣ್ಣೊರೆಸಿಕೊಳ್ಳುವುದು ಅತ್ತೆಗೆ ಕಾಣದಿದ್ದರೂ ಹೇಗೋ ತಿಳಿಯುತ್ತದೆ. ಕುಟ್ಟುವುದನ್ನು ನಿಲ್ಲಿಸಿ ಸಮಾಧಾನ ಹೇಳುತ್ತಾರೆ. "ಅಳಬ್ಯಾಡ ಬುಡವ್ವ. ದೀಪ ಆರ್ದೆ ಇದ್ಮೇಲೆ ನೀನೇನ್ ಮಾಡಕಾಯ್ತಿತ್ತು? ನಿಂದೇನೂ ತಪ್ಪಿಲ್ಲ."

ಹೂಂ ಅತ್ತೆ, ಅನ್ನುತ್ತೇನೆ.