ಬಹಳ ನೈಸ್, ಆದರೆ ಎರಡನೆಯ ಬಹುಮಾನ

ಇಂಗ್ಲಿಷಿನ ಉದ್ದುದ್ದ ಪದಗಳಿಗೆ ನಾನು ಹೆದರುವವಳಲ್ಲ. ಹೆದರುವುದು ‘ನೈಸ್’ ಎಂಬ ಗಿಡ್ಡ ಪದಕ್ಕೆ. ಹಾವೇರಿಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಮುಗಿದ ಮೇಲೆ ತೀರ್ಪುಗಾರರು ಕನ್ನಡಕ ಒರೆಸಿಕೊಳ್ಳುತ್ತ ‘ವೆರಿ ನೈಸ್’ ಎಂದರೆ ಸಾಕು, ಶೀಲ್ಡು ಬೇರೆಯವರ ಪಾಲಾಯಿತೆಂದೇ ತಿಳಿಯಬೇಕು. ಗೆದ್ದವರಿಗೆ ಯಾರೂ ನೈಸ್ ಅನ್ನುವುದಿಲ್ಲ, ಶೀಲ್ಡು ಕೊಟ್ಟುಬಿಡುತ್ತಾರೆ.

ಮೂರನೆಯ ಸಲ ನೈಸ್ ಅನ್ನಿಸಿಕೊಂಡ ದಿನ ಸಿಟ್ಟಿಗೆ ಗ್ರಂಥಾಲಯದ ದಪ್ಪ ನಿಘಂಟು ತೆಗೆದು ನೋಡಿದೆ. ಪದದ ತವರು ಲ್ಯಾಟಿನ್. ಅಲ್ಲಿ ಅದರ ಮೂಲಕ್ಕೆ ‘ಏನೂ ತಿಳಿಯದ’ ಎಂಬ ಅರ್ಥವಂತೆ. ಫ್ರೆಂಚರ ಬಾಯಿಗೆ ಬಿದ್ದು ‘ಪೆದ್ದ’ ಆಯಿತು. ಇಂಗ್ಲಿಷರಲ್ಲಿಗೆ ಹೋದ ಆ ಪೆದ್ದ ಕೆಲಕಾಲ ಎಲ್ಲದರಲ್ಲೂ ಕೊಂಕು ಹುಡುಕುವ ನಾಜೂಕಿನವನಾಗಿ, ಆಮೇಲೆ ‘ಸೂಕ್ಷ್ಮ’ನಾಗಿ, ಕಡೆಗೆ ‘ಒಳ್ಳೆಯವ’ನೇ ಆಗಿಬಿಟ್ಟ. ಕೆಲವು ಶತಮಾನ ಕದಲದೆ ಕೂತರೆ ಪೆದ್ದನಿಗೂ ಬಡ್ತಿ ಸಿಗುತ್ತದೆ. ಇದನ್ನು ತಿಳಿಯಲು ನಿಘಂಟೇನೂ ಬೇಕಿರಲಿಲ್ಲ, ಯಾವುದಾದರೂ ಕಚೇರಿಗೆ ಹೋಗಿದ್ದರೆ ಸಾಕಿತ್ತು.

ನಮ್ಮ ಬ್ಯಾಡಗಿಯವರು ಈ ಪದಕ್ಕೆ ಇನ್ನಷ್ಟು ಕೆಲಸ ಹಚ್ಚಿದ್ದಾರೆ. ಹೆಗಲ ಮೇಲೆ ಎರಡು ನಿಮಿಷ ನಿಲ್ಲದೆ ಜಾರುವ ಸೀರೆ ನೈಸ್. ಗಿರಣಿಯಲ್ಲಿ ಬೆರಳ ನಡುವೆ ಉಜ್ಜಿದರೂ ಇದೆಯೋ ಇಲ್ಲವೋ ತಿಳಿಯದ ಹಿಟ್ಟು ನೈಸ್. ಸಾಹೇಬರ ಮುಂದೆ ಹಲ್ಲು ಕಿರಿದು ಕೆಲಸ ಮಾಡಿಸಿಕೊಳ್ಳುವುದು ನೈಸ್ ಹೊಡೆಯುವುದು. ಮೂರಕ್ಕೂ ಗುಣ ಒಂದೇ: ಎಲ್ಲೂ ತಡೆಯುವುದಿಲ್ಲ, ಯಾರಿಗೂ ಚುಚ್ಚುವುದಿಲ್ಲ.

ಅವ್ವ ನನ್ನಲ್ಲಿ ಬಯಸಿದ್ದೂ ಇದನ್ನೇ. ಬಿ.ಎ. ಮುಗಿಯುತ್ತ ಬಂದಿತ್ತು; ನನಗೆ ಹುಬ್ಬಳ್ಳಿಗೆ ಹೋಗಿ ಕಾನೂನು ಓದುವ ಆಸೆ. ಅಷ್ಟರಲ್ಲಿ ರಾಣೆಬೆನ್ನೂರಿನ ಬೀಜದ ವ್ಯಾಪಾರಿಗಳ ಮನೆಯಿಂದ ಕನ್ಯೆ ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ಇದು ಕೂಡಿ ಬಂದರೆ ಓದು ಅಲ್ಲಿಗೇ ಮುಗಿಯಿತು ಎಂದು ಅಪ್ಪ ಮೊದಲೇ ತೀರ್ಪು ಕೊಟ್ಟಿದ್ದರು.

“ಇವತ್ತೊಂದಿನ ನೈಸಾಗಿ ಇರು ನಮ್ಮವ್ವಾ. ಕೇಳಿದ್ದಕ್ಕಷ್ಟ ಉತ್ತರಾ ಕೊಡು” ಎಂದು ಅವರು ಬರುವ ದಿನ ಅವ್ವ ನನ್ನ ಗಲ್ಲ ಹಿಡಿದಳು.

ಕೇಳಿದ್ದಕ್ಕಷ್ಟೇ ಕೊಟ್ಟೆ. ಹುಡುಗನ ಸೋದರಮಾವ ಉಪ್ಪಿಟ್ಟು ಅಗಿಯುತ್ತ, “ಮುಂದೇನು ಮಾಡಾಕಿ ಇದ್ದೀಯವಾ?” ಅಂದರು.

“ವಕೀಲಿ ಓದಬೇಕಂತ ಮಾಡೇನ್ರಿ.”

“ಅಯ್ಯ, ಹೆಣ್ಣಮಕ್ಕಳು ಮನಿಯಾಗ ವಾದಾ ಮಾಡೂದು ಸಾಲವಲ್ದೇನು? ಅದಕ್ಕ ಡಿಗ್ರಿ ಬ್ಯಾರೆ ಬೇಕಾ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು ಸುಮ್ಮನಿದ್ದರೆ ಆಗುತ್ತಿತ್ತು.

“ಬೀಜಾ ರೈತರ ಮನಿಯಾಗೂ ಇರತಾವಲ್ರಿ ಕಾಕಾರ. ಹಂಗಂತ ನೀವು ಅಂಗಡಿ ಮುಚ್ಚೀರೇನು?”

ಒಳಗಿನಿಂದ ಅವ್ವ ಸೌಟಿನಿಂದ ಬೋಗುಣಿ ಬಡಿದಳು. ಚರ್ಚಾಸ್ಪರ್ಧೆಯಲ್ಲಿ ಬಾರಿಸುವ ಮೊದಲ ಗಂಟೆ ಎಚ್ಚರಿಕೆಯದು. ಅದಾದ ಮೇಲೂ ಒಂದು ನಿಮಿಷ ಮಾತಾಡಬಹುದು. ಅಭ್ಯಾಸಬಲ, ಆ ನಿಮಿಷವನ್ನೂ ಬಳಸಿಕೊಂಡೆ. ಹುಡುಗ, ಪಾಪ, ತಟ್ಟೆಯಲ್ಲಿನ ಸಾಸಿವೆಯಿಂದ ಕಣ್ಣೆತ್ತಲಿಲ್ಲ.

ಹೊರಡುವಾಗ ಸೋದರಮಾವ ಚಪ್ಪಲಿ ಮೆಟ್ಟುತ್ತ, “ಹುಡುಗಿ ಬಾಳ ನೈಸ್ ಅದಾಳ್ರಿ. ಊರಿಗೆ ಹೋಗಿ ಪತ್ರಾ ಹಾಕತೇವಿ” ಎಂದರು. ಅಪ್ಪ ಹಿಗ್ಗಿದರು. ನನಗೆ ಮಾತ್ರ ಕನ್ನಡಕ ಒರೆಸುವ ತೀರ್ಪುಗಾರರ ದನಿ ಕೇಳಿಸಿತು. ಜೀವನದಲ್ಲಿ ಮೊದಲ ಸಲ ಸೋಲು ಹಿತವಾಯಿತು.

ಪತ್ರ ಬರಲಿಲ್ಲ. ಅವ್ವ ಎಂಟು ದಿನ ನನ್ನೊಡನೆ ಮಾತಾಡಲಿಲ್ಲ. ವಾದಿಸುವವರಿಗೆ ಮೌನದಂಥ ಎದುರಾಳಿ ಇಲ್ಲ. ಅಂಕ ಪೂರ್ತಿ ಅದಕ್ಕೇ. ಒಂಬತ್ತನೆಯ ದಿನ, ಬಿಸಿಲಿಗೆ ಒಣಗಿಸಿದ ಮೆಣಸಿನಕಾಯಿಯ ಡಬ್ಬಿ ಹೊತ್ತು ಇಬ್ಬರೂ ಗಿರಣಿಗೆ ಹೋದೆವು.

ಗಿರಣಿಯ ಇಮಾಮಸಾಬರು ಖಾರದ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದರು. “ಸ್ವಲ್ಪ ತರಿ ಐತಿ ನೋಡ್ರಿ ಅಕ್ಕಾರ. ಇನ್ನೊಮ್ಮಿ ಹಾಕಿದ್ರ ನೈಸ್ ಆಕ್ಕೈತಿ. ಆದ್ರ ಕಾವು ಏರಿ ಬಣ್ಣಾ ಹೋಗತೈತಿ. ಏನ್ ಮಾಡ್ಲಿ?”

ಅವ್ವ ಪುಡಿಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

“ತರಿ ಇದ್ರ ಇರಲಿ ಬಿಡಣ್ಣಾ. ಬಣ್ಣಾ ಹೋಗೂದು ಬ್ಯಾಡ.”

ಡಬ್ಬಿ ನನ್ನ ಕೈಗಿಟ್ಟು ಕೇಳಿದಳು: “ಆ ಹುಬ್ಬಳ್ಳಿ ಕಾಲೇಜಿನ ಫಾರ್ಮು ಯಾವಾಗ ಕೊಡತಾರಂತ? ನಿಮ್ಮಪ್ಪಗ ನಾ ಹೇಳತೇನಿ.”

ಉತ್ತರ ಕೊಡಲು ಬಾಯಿ ತೆರೆದೆ. ಖಾರದ ಘಾಟಿಗೆ ಸೀನು ಬಂತು. ಕಣ್ಣಲ್ಲಿ ನೀರು ಬಂದದ್ದೂ ಘಾಟಿನಿಂದಲೇ. ಈ ಒಂದು ವಿಷಯದಲ್ಲಿ ನನ್ನೊಡನೆ ಯಾರೂ ವಾದಕ್ಕೆ ಬರಬಾರದು.